ಹೆಬ್ಬೆರಳಿನಷ್ಟು ಎತ್ತರ

ಒಂದು ಗುಡ್ಡವಿತ್ತಂತೆ, ಗುಡ್ಡದ ದಾರಿಯ ನಡುವೆ ಒಂದು ಬಂಡೆಯಿತ್ತಂತೆ, ಆ ಬಂಡೆಗೆ ನಮ್ಮಕ್ಕನ ಪುಟ್ಟ ಲಾರಿಯ ಹೊಟ್ಟೆ ಕೆರೆಯುವುದೆಂದರೆ ಎಲ್ಲಿಲ್ಲದ ಖುಷಿಯಂತೆ. ಕತೆ ಹೇಳುವ ನಮ್ಮಜ್ಜಿಯಿದ್ದಿದ್ದರೆ ಹೀಗೇ ಶುರು ಮಾಡುತ್ತಿದ್ದಳು. ನಾನೂ ಅವಳ ಮೊಮ್ಮಗಳೇ ತಾನೆ, "ಬಂಡೆ ದಾಟಿಸೋ ಟೈರು ನಾನು ಆರಿಸಿ ಕೊಡ್ತೀನಿ" ಎಂದು ಅಕ್ಕನಿಗೆ ಮಾತು ಕೊಟ್ಟುಬಿಟ್ಟೆ.

ಅಕ್ಕನಿಗೆ ಇದು ಮೊದಲ ಬಾಡಿಗೆ. ಗುಡ್ಡದ ಮೇಲಿನ ತೋಟಕ್ಕೆ ಜೇನುಪೆಟ್ಟಿಗೆ ಸಾಗಿಸಬೇಕು. ಖಾಲಿ ಗಾಡಿಯಲ್ಲಿ ದಾರಿ ನೋಡಲು ಹೋದಾಗಲೇ ತಳ ಕರಕರ ಎಂದಿತ್ತು. ಜೇನು ಸಾಕುವಾಕೆ ಕಡ್ಡಿ ಮುರಿದಂತೆ ಹೇಳಿದ್ದಳು: "ಪೆಟ್ಟಿಗೆ ಹೇರಿದ ಮೇಲೂ ಹೀಗೇ ಕುಕ್ಕಿದ್ರೆ ನನ್ನ ಹುಳುಗಳು ನಿಮ್ಮನ್ನ ಅಟ್ಟಿಸ್ಕೊಂಡು ಬರ್ತವೆ. ನಾನು ಬೇರೆ ಗಾಡಿ ನೋಡ್ಕೋತೀನಿ."

ಹಾಗಾಗಿ ಟೈರಂಗಡಿಗೆ ಓಡಿದೆವು. ನಮ್ಮ ಟೈರಿನ ಮೇಲೆ 245/70R17 ಎಂದಿತ್ತು. ಗೋಡೆಗೊರಗಿ ಕೂತಿದ್ದ ಒಂದು ದಢೂತಿಯ ಮೇಲೆ 285/60R17. ಇನ್ನೂರೆಂಬತ್ತೈದು!

"ಇದೇ ಅಕ್ಕಾ! ರಾಕ್ಷಸ ಇದ್ದ ಹಾಗಿದಾನೆ!"

ಅಂಗಡಿಯಣ್ಣ ಜಾಕಿಗೆ ಕೈಹಾಕಿದ. ತಾಳಲಾರದೆ ನಾನು ನಮ್ಮ ಸ್ಟೆಪ್ನಿಯನ್ನು ಉರುಳಿಸಿ ತಂದು ರಾಕ್ಷಸನ ಪಕ್ಕ ನಿಲ್ಲಿಸಿದೆ. ಹಳೆಯದು ಕುಳ್ಳಗೆ ಕಾಣುವುದನ್ನು ಕಣ್ತುಂಬ ನೋಡಬೇಕಿತ್ತು. ಎರಡರ ತಲೆಯ ಮೇಲೂ ಹಲಗೆಯಿಟ್ಟೆ. ಹಲಗೆ ಒಂಚೂರೂ ವಾಲಲಿಲ್ಲ.

"ನಿನ್ನ ರಾಕ್ಷಸ ಅಡ್ಡಕ್ಕೆ ಬೆಳೆದಿದಾನಲ್ಲೇ!" ಅಕ್ಕ ಬಿದ್ದೂ ಬಿದ್ದೂ ನಕ್ಕಳು.

"ಅಣ್ಣಾ, ಇದೇನು ಮೋಸ?"

"ಮೋಸ ಎಂಥದ್ದು ತಂಗಿ? ಟೈರಿನ ಮೇಲಿನ ಮೊದಲನೇ ನಂಬರು ಅಗಲ, ಮಿಲಿಮೀಟರಲ್ಲಿ. ಕೊನೇದು ರಿಮ್ಮು, ಇಂಚಲ್ಲಿ. ನಡುವಿಂದು ಶೇಕಡಾ. ಆ ಅಗಲದಲ್ಲಿ ಅಷ್ಟು ಪಾಲು ರಿಮ್ಮಿಂದ ನೆಲಕ್ಕಿರೋ ಎತ್ತರ. ನೀವು ದಪ್ಪಂದು ಬೇಕು ಅಂದ್ರಿ, ಕೊಟ್ಟೆ. ಎತ್ತರ ಯಾರು ಕೇಳಿದ್ರು?"

ಸೀಮೆಸುಣ್ಣ ಕಿತ್ತುಕೊಂಡು ನೆಲದ ಮೇಲೆ ಕೂತೆ. ಇನ್ನೂರೆಂಬತ್ತೈದರಲ್ಲಿ ನೂರಕ್ಕೆ ಅರವತ್ತು, ನೂರ ಎಪ್ಪತ್ತೊಂದು. ನಮ್ಮ ಇನ್ನೂರ ನಲವತ್ತೈದರಲ್ಲಿ ನೂರಕ್ಕೆ ಎಪ್ಪತ್ತು, ಅದೂ ನೂರ ಎಪ್ಪತ್ತೊಂದೂವರೆ! ಅಂದರೆ ಆ ಭೂಪ ಅಕ್ಕನ ಗಾಡಿಯನ್ನು ಕೂದಲೆಳೆಯಷ್ಟೂ ಎತ್ತುತ್ತಿರಲಿಲ್ಲ. ಕತೆಗಳ ಬಾಗಿಲು ತೆರೆಯುವ ಮಂತ್ರ ಕೈಗೆ ಸಿಕ್ಕಂತಾಗಿ ಅಂಗಡಿಯ ಟೈರುಗಳನ್ನೆಲ್ಲ ಓದುತ್ತ ಓಡಾಡಿದೆ. ಮೂಲೆಯಲ್ಲಿ ಧೂಳು ಹೊದ್ದು ನಿಂತಿತ್ತು: 265/75R17. ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ನೂರ ತೊಂಬತ್ತೊಂಬತ್ತು!

"ಇಪ್ಪತ್ತೇಳು ಮಿಲಿಮೀಟರ್ ಮೇಲೆ, ಅಕ್ಕಾ! ಒಂದು ಹೆಬ್ಬೆರಳಿನ ದಪ್ಪ!"

"ತಿರುಗಿಸುವಾಗ ಮಡ್‌ಗಾರ್ಡಿಗೆ ತಗುಲಿದ್ರೆ?" ಅಕ್ಕನಿಗೆ ಇನ್ನೂ ಅನುಮಾನ. ಮುಂದಿನ ಎರಡನ್ನು ಹಾಕಿಸಿ ಸ್ಟಿಯರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿದಳು. ಮಡ್‌ಗಾರ್ಡಿಗೆ ಎಲ್ಲೂ ಸೋಕಲಿಲ್ಲ. "ಹಾಕಣ್ಣ ನಾಲ್ಕನ್ನೂ!"

ಬೆಳಿಗ್ಗೆ ಪೆಟ್ಟಿಗೆಗಳನ್ನು ಹೇರಿ ಹೊರಟೆವು. ಜೇನಿನಾಕೆ ನಮ್ಮಿಬ್ಬರ ನಡುವೆ, ಹಿಂದಿನ ಪೆಟ್ಟಿಗೆಗಳ ಕಡೆಗೇ ಕಿವಿಗೊಟ್ಟು ಕೂತಿದ್ದಳು. ಬಂಡೆ ಬಂತು. ನಾನು ಇಳಿದು ನೆಲಕ್ಕೆ ಕೆನ್ನೆ ಹಚ್ಚಿ ಮಲಗಿದೆ. ಮುಂದಿನ ಚಕ್ರ ದಾಟಿತು. ತಳ ಬಂತು, ಬಂಡೆಯ ಮೇಲೆ ನಿಧಾನ ಸರಿಯಿತು, ನಡುವೆ ಸಣ್ಣಗೆ ಬೆಳಕು ಕಂಡಿತು.

"ಬಾ ಅಕ್ಕಾ, ಬಾ, ಬಾ, ಬಾ!"

ಹಿಂದಿನ ಚಕ್ರಗಳೂ ಸದ್ದಿಲ್ಲದೆ ಬಂಡೆ ದಾಟಿದವು.