ನಾಲಿಗೆಯ ಮೇಲೆ ಕರಗುವ ಹಾಳೆ

"ಅಮ್ಮಾ, ಸ್ವಲ್ಪ ಬಾಯಿ ತೆಗಿ," ಎಂದು ಮಗಳು ಮತ್ತೆ ಬೇಡಿಕೊಂಡಳು. ಅಮ್ಮ ತುಟಿ ಬಿಗಿದುಕೊಂಡು, ನಡುಮನೆಯಲ್ಲಿ ಮಲಗಿಸಿದ್ದ ಗಂಡನ ಮುಖವನ್ನೇ ನೋಡುತ್ತಿದ್ದಳು.

ಪಾರ್ಶ್ವವಾಯು ಹೊಡೆದಂದಿನಿಂದ ಅಮ್ಮನಿಗೆ ಮಾತ್ರೆ ನುಂಗಲಾಗುತ್ತಿರಲಿಲ್ಲ. ಗುಟುಕು ನೀರೂ ನೆತ್ತಿಗೇರುತ್ತಿತ್ತು. ಫಿಟ್ಸ್ ತಡೆಯುವ ಔಷಧಿ, ನಾಲಿಗೆಯ ಮೇಲಿಟ್ಟರೆ ಕರಗುವ ತೆಳು ಹಾಳೆಯ ರೂಪದಲ್ಲಿತ್ತು. ದಿನವೂ ಅದನ್ನು ಇಡುತ್ತಿದ್ದವನು ಅಪ್ಪ. ನಿನ್ನೆ ಸಂಜೆ ಅವನು ಕುರ್ಚಿಯಲ್ಲೇ ಕುಸಿದು ಪ್ರಾಣ ಬಿಟ್ಟಿದ್ದ. ಆ ಗಾಬರಿಯಲ್ಲಿ ರಾತ್ರಿಯ ಔಷಧಿ ತಪ್ಪಿಹೋಗಿತ್ತು.

"ಔಷಧಿ ತಗೊಳ್ದೆ ಅತ್ತಿಗೆನ ಸ್ಮಶಾನದ ಗಾಡಿ ಹತ್ತಿಸೋದು ಬೇಡ," ಎಂದಳು ಸೋದರತ್ತೆ. "ದಾರೀಲಿ ಫಿಟ್ಸ್ ಬಂದ್ರೆ ಯಾರನ್ನ ಅಂತ ನೋಡ್ಕೊಳ್ಳೋದು?"

"ನಾನು ಹೋಗೇ ಹೋಗ್ತೀನಿ." ಅಮ್ಮನ ಮಾತು ತೊದಲಿತು. "ಔಷಧಿ ಅವರೇ ಹಾಕ್ಲಿ."

ಈ ಹಾಳೆ ರೂಪಿಸಿದ ಲ್ಯಾಬಿನಲ್ಲಿ ಅಪ್ಪನ ಜೊತೆ ದುಡಿದಿದ್ದ ಗೆಳೆಯ, ಬಾಗಿಲ ಬಳಿ ಅಮ್ಮನತ್ತ ನೋಡುತ್ತ ಮೂಗೊರೆಸಿಕೊಂಡ. "ಅಕ್ಕನ ಹಟದಿಂದಾನೇ ಆ ಹಾಳೆ ಬಾಯಿಗಿಡೋ ಹಾಗಾಗಿದ್ದು."

*

ಆಗ ಅಮ್ಮ ಗಟ್ಟಿಮುಟ್ಟಾಗಿದ್ದಳು. ಗಾಜಿನ ಮೇಲೆ ಅಂಟನ್ನು ತೆಳ್ಳಗೆ ಸವರಿ, ಒಣಗಿಸಿ, ಹರಿಯದಂತೆ ಬಿಡಿಸುವುದು ಅಪ್ಪನ ಕೆಲಸ. ಔಷಧಿ ಬೆರೆಸದ ಹಾಳೆಗಳನ್ನು ಮನೆಗೆ ತಂದು ಅವಳಿಗೆ ರುಚಿ ತೋರಿಸುತ್ತಿದ್ದ.

"ಹೇಗಿದೆ?"

"ಲಕೋಟೆ ನೆಕ್ಕಿದ ಹಾಗಿದೆ."

"ಇದು?"

"ಲಕೋಟೆಗೆ ಪುದೀನ ಸವರಿದ ಹಾಗಿದೆ. ನಿಮ್ಮ ಲ್ಯಾಬಲ್ಲಿ ಯಾರಿಗೂ ನಾಲಿಗೆ ಇಲ್ವಾ?"

"ನಿನ್ನಷ್ಟು ಉದ್ದದ್ದಿಲ್ಲ ಕಣೆ."

ಅವಳು ಮುಖ ಸಿಂಡರಿಸದೆ ಇನ್ನೊಂದು ಕೇಳಿದ ದಿನ, ಅಪ್ಪ ಊಟ ಬಿಟ್ಟೆದ್ದು ಗೆಳೆಯನಿಗೆ ಫೋನ್ ಮಾಡಿದ್ದ. "ಪಾಸ್ ಮಾಡಿಬಿಟ್ಲು ಕಣೋ!"

*

ಹೊರಗೆ ಗಾಡಿಯ ಹಿಂಬಾಗಿಲು ತೆರೆದ ಸದ್ದಾಯಿತು. ಮಗಳು ಕಣ್ಣೊರೆಸಿಕೊಂಡ ಕೈಯಲ್ಲೇ ಪೊಟ್ಟಣ ಹರಿದಳು. ಮನೆಯಲ್ಲಿ ಉಳಿದಿದ್ದದ್ದು ಅದೊಂದೇ.

"ಒದ್ದೆ ಕೈ ಕಣಮ್ಮ!" ಎಂದು ಗೆಳೆಯ ಕೂಗುವಷ್ಟರಲ್ಲಿ ಹಾಳೆ ಅವಳ ತೋರುಬೆರಳಿಗೆ ಅಂಟಿ ಅಂಚಿನಿಂದ ಕರಗತೊಡಗಿತ್ತು. ಬಿಡಿಸಲು ಹೋದರೆ ಲೋಳೆಯಾಯಿತು.

"ಹಾಳು ಮಾಡ್ಬಿಟ್ಟೆ," ಮಗಳ ದನಿ ಒಡೆಯಿತು. "ಅಪ್ಪ ಇಷ್ಟು ವರ್ಷ ಮಾಡಿದ್ದು, ನಂಗೆ ಒಂದು ದಿನ ಆಗ್ಲಿಲ್ಲಮ್ಮಾ."

ಅಮ್ಮ ಗಂಡನ ಮುಖದಿಂದ ಕಣ್ಣು ಕಿತ್ತು ಮಗಳತ್ತ ನೋಡಿದಳು. ಸ್ವಾಧೀನವಿದ್ದ ಎಡಗೈ ಚಾಚಿ ಅವಳ ಮಣಿಕಟ್ಟು ಹಿಡಿದು ಎಳೆದುಕೊಂಡಳು.

ಅಪ್ಪನನ್ನು ಎತ್ತಲು ಒಳಬರುತ್ತಿದ್ದವರನ್ನು ಸೋದರತ್ತೆ ಬಾಗಿಲಲ್ಲೇ ತಡೆದಳು. "ಸ್ವಲ್ಪ ತಡೀರಪ್ಪಾ, ಅತ್ತಿಗೆನೂ ಬರ್ತಾರೆ."

ಅಮ್ಮ ಕಣ್ಣು ಮುಚ್ಚಿಕೊಂಡು, ಮಗಳ ಬೆರಳನ್ನು ಎಳೆಗೂಸಿನ ಹಾಗೆ ಚೀಪುತ್ತಿದ್ದಳು.