ಕೇರಿ ಬೂತಿನ ಮೈನಸ್

ಪಾಠ ಮಾಡಿ ಮಾಡಿ ಗಂಟಲು ಒಣಗಿತ್ತು. ಸಿಂಧನೂರಿನ ಕಾಲೇಜಿನಾಗ ನಾನು ಅತಿಥಿ ಉಪನ್ಯಾಸಕ. ಅತಿಥಿ ಅಂತ ಹೆಸರಷ್ಟ, ಚಾ ಕುಡದ್ಯಾ ಅಂತ ಸೈತ ಯಾರೂ ಕೇಳಂಗಿಲ್ಲ. ಅವತ್ತು ಅಮೆರಿಕದ ಮೊಟ್ಟಮೊದಲಿನ ಅಧ್ಯಕ್ಷರ ಚುನಾವಣಿ ಹೇಳಾಕತ್ತಿದ್ದೆ. ವರ್ಜೀನಿಯಾದಾಗ ಆಗ ಗುಪ್ತ ಓಟು ಇರಲಿಲ್ಲ. ಕೌಂಟಿ ಅಂದ್ರ ನಮ್ಮ ತಾಲ್ಲೂಕು ಇದ್ದಂಗ. ಅದರ ಕೋರ್ಟಿನ ಮುಂದ ನಿಂತು, ನನ್ನ ಓಟು ಇಂಥವಗ ಅಂತ ಎಲ್ಲಾರಿಗೂ ಕೇಳಂಗ ಹೇಳಬೇಕಿತ್ತು.

"ಕೌಂಟಿವಾರು ಲೆಕ್ಕ ನೋಡಿ ನಕಾಶಿಗೆ ಬಣ್ಣ ಹಚ್ಚರಿ, ಬ್ಯಾಡನ್ನಂಗಿಲ್ಲ. ಆದ್ರ ಅದರೊಳಗಿನ ಒಬ್ಬೊಬ್ಬ ಮನಷ್ಯಾಗೂ ಅದ ಬಣ್ಣ ಹಚ್ಚಬ್ಯಾಡ್ರಿ," ಅಂದೆ. ಒಬ್ರೂ ಬರ್ಕೊಳ್ಳಲಿಲ್ಲ. ಪರೀಕ್ಷಾಕ್ಕ ಬರಂಗಿಲ್ಲಲ್ಲ.

ನಮ್ಮೂರು ಮುಕ್ಕುಂದದ ಬಸ್ಸಿನ್ಯಾಗ ಕುಂತಿದ್ದೆ, ಅಪ್ಪನ ಫೋನು ಬಂತು.

"ರಾಜೇಶಾ, ಲಗೂನ ಬಾ. ಗೌಡ್ರು ಕೇರಿ ಮಂದೀನ್ನೆಲ್ಲಾ ಕರಿಸ್ಯಾರ. ನಮ್ಮ ಬೂತು ಮೈನಸ್ ಆಗೇತಂತ."

ಅಮರಗುಂಡಪ್ಪ ಗೌಡ್ರು ನಮ್ಮೂರಾಗ ಪಾರ್ಟಿ ನಡಸೋರು. ಎಲೆಕ್ಷನ್ನಿಗೆ ಮೊದಲು ಕೇರಿಗೆ ಬಂದು, "ನಿಮ್ಮ ಬೂತಿನಾಗ ಲೀಡ್ ಕೊಡ್ರಿ, ಮನಿಮನಿಗೆ ನೀರಿನ ನಳ ಹಾಕಸ್ತೀನಿ," ಅಂದಿದ್ರು. ಕೇರಿಗೆ ಕೇರೀನ ದುರ್ಗಮ್ಮನ ಗುಡಿ ಮುಂದ ಭಂಡಾರ ಮುಟ್ಟಿ ಆಣಿ ಮಾಡಿದ್ವಿ. ಓಟು ಗುಪ್ತ ಇರಬೇಕು ಅಂತ ಪಾಠ ಹೇಳೋ ನಾನೂ ಮುಟ್ಟೀನಿ, ಸುಳ್ಳ್ಯಾಕ ಹೇಳ್ಲಿ? ನಮ್ಮವ್ವ ಮುದುಕಮ್ಮಗ ಮೊಣಕಾಲು ಹಿಡದಾವ. ಕಾಲುವಿ ಏರಿ ಹತ್ತಿಳದು ಕೊಡ ತರತಾಳ. ಈ ಬ್ಯಾಸಿಗ್ಯಾಗ ಜಾರಿ ಬಿದ್ದು ಸೊಂಟಾನೂ ಮುರಕೊಳ್ಳಾಕಿದ್ಳು. ಆಕಿ ಸಲುವಾಗಿ ಯಾವ ಆಣಿ ಅಂದ್ರೂ ಮಾಡಾಕ ತಯಾರಿದ್ದೆ.

ಹೋಗೂದ್ರಾಗ ಕೇರಿ ಮಂದಿ ಗೌಡ್ರ ಕಟ್ಟಿ ಕೆಳಗ ತಲಿ ಬಗ್ಗಿಸಿ ನಿಂತಿತ್ತು. ಗೌಡ್ರ ಕೈಯಾಗ ಬೂತುವಾರು ಓಟಿನ ಹಾಳಿ.

"ನಮ್ಮ ಪಾರ್ಟಿ ಸಾಹೇಬ್ರು ಗೆದ್ದಾರ, ಖರೆ. ಆದ್ರ ಕೇರಿ ಬೂತಿನಾಗ ಹಿಂದ ಬಿದ್ದಾರ. ಯಾರಲೇ ಆಣಿ ಮುರದೋರು? ಹೆಸರು ಹೇಳ್ರಿ. ಇಲ್ಲಾಂದ್ರ ನಿಮ್ಮ ಪೈಪು ಬ್ಯಾರೆ ಊರಿಗೆ ಹೋಗತೈತಿ."

ಒಬ್ಬರ ಮಾರಿ ಒಬ್ರು ನೋಡಾಕತ್ರು. ಸಣ್ಣಂದಿನಿಂದ ಕೂಡಿ ಬೆಳದ ವೀರೇಶ ಸೈತ ನನ್ನ ಮಾರಿ ನೋಡಿದ. ನಾನು ಹಾಳಿ ಇಸ್ಕೊಂಡೆ. ನಮ್ಮ ಕೇರ್ಯಾಗ ಇಷ್ಟು ಓಟು ಎಲ್ಲಿ ಅದಾವ? ಆಗ ನೆನಪಾತು. ಹಳೇ ಬೂತಿನಾಗ ಗದ್ದಲಾಗತೈತಂತ ಈ ಸಲ ಗೌಡ್ರ ಓಣೀನೂ ನಮ್ಮ ಕೇರಿ ಶಾಲಿಗೇ ಹಾಕಿದ್ರು. ಅವರ ಮನಿ ಹೆಣ್ಮಕ್ಕಳು ಕಾರಿನ್ಯಾಗ ಬಂದು ಓಟು ಹಾಕಿ ಹೋಗಿದ್ದು ನಾವೆಲ್ಲಾ ನೋಡೀವಿ. ಆದ್ರೂ ಊರಿನ ಬಾಯಾಗ ಅದು ಕೇರಿ ಬೂತು. ನಾವೂ ಹಂಗ ಅಂದು ಅಂದು, ಲೆಕ್ಕ ಬರೂದ್ರಾಗ ನಮಗೂ ಮರತು ಹೋಗಿತ್ತು.

ಗೌಡ್ರನ್ನ ಬಾಜೂಕ ಕರದು ಮೆಲ್ಲಕ ಹೇಳಿದೆ. ನನ್ನ ಬೆನ್ನಿಗೆ ಅಪ್ಪಾನೂ ಬಂದು ನಿಂತ.

"ಗೊತ್ತೈತಿ ಮೇಷ್ಟ್ರ," ಅಂದ್ರು ಗೌಡ್ರು. ಅವರ ದನೀನೂ ಸೋತಿತ್ತು. "ನನ್ನ ತಮ್ಮನ ಮನಿಯವರೇ ಕೈ ಕೊಟ್ಟಾರ. ಅವರಿಗೆ ಹ್ಯಾಂಗ ಕೇಳ್ಲಿ? ಅವನ ಮಗಳ ಮದಿವಿ ಬಂದೈತಿ, ಮುಂದ ನಿಂತು ಮಾಡಬೇಕಾದಾವ ನಾನ. ಸಾಹೇಬ್ರಿಗೆ ಮಾತ್ರ ಯಾರದರ ಹೆಸರು ಕೊಡಬೇಕಲ್ಲ."

ಮೈಯೆಲ್ಲಾ ಉರೀತು. "ಅದಕ್ಕ ನಮ್ಮ ಹೆಸರು ಪುಕ್ಕಟ ಸಿಕ್ಕಾವೇನ್ರಿ?"

ನನ್ನ ಮಾತು ಮುಗಿಯೂದ್ರಾಗ ಅಪ್ಪ ಮಂದಿ ನಡುವ ಹೋಗಿ ಕೈ ಮುಗದಿದ್ದ.

"ಗೌಡ್ರ, ನನ್ನ ಮಗಂದ ತಪ್ಪು. ನಾಕಕ್ಷರ ಕಲ್ತಾನ, ಹುಡುಗರ ತಲಿ ಕೆಡಿಸ್ಯಾನ. ಹೊಟ್ಟ್ಯಾಗ ಹಾಕ್ಕೋರಿ. ನಳ ಮಾತ್ರ ನಿಲ್ಲಸಬ್ಯಾಡ್ರಿ."

ಗೌಡ್ರು ನನ್ನ ಮಾರಿ ನೋಡಲಿಲ್ಲ. "ಆತು ಬಿಡು ಲಾಲಪ್ಪ," ಅಂದು ಒಳಗ ಹೋದ್ರು.

ದಾರಿ ತುಂಬ ಅಪ್ಪನ ಮ್ಯಾಲೆ ಒದರಾಡಿದೆ. "ಖರೆ ಗೊತ್ತಿದ್ದೂ ನನ್ನ ಹೆಸರ್ಯಾಕ ಹೇಳಿದಿ?"

"ನೀ ಸಿಂಧನೂರಾಗ ದುಡಿಯಾವ," ಅಂದ ಅಪ್ಪ. "ಬ್ಯಾರೆ ಯಾರ ಹೆಸರು ಹೇಳಿದ್ರೂ ಅವ ನಾಳಿಂದ ಗೌಡ್ರ ಗದ್ದಿಗೆ ಕೂಲಿಗೆ ಹ್ಯಾಂಗ ಹೋಗಬೇಕು? ನಿಮ್ಮವ್ವಗೂ ಖರೆ ಹೇಳಬ್ಯಾಡ. ಆಕಿ ಬಾಯಾಗ ಮಾತು ನಿಲ್ಲಂಗಿಲ್ಲ, ಗೌಡ್ರ ಮನೀತನಕ ಹೋಗತೈತಿ."

ಅವ ಹೇಳಿದ್ದು ತಪ್ಪಂತೂ ಅಲ್ಲ.

ಭತ್ತ ನಾಟಿ ಮಾಡೂದ್ರಾಗ ನಳ ಬಂತು. ಕೇರಿ ಮಂದಿ ಕುಣದಾಡಿದ್ರು. ವೀರೇಶ ಎದುರಿಗೆ ಸಿಕ್ಕಾವ ಮಾರಿ ತಿರುವಿಕೊಂಡು ಹೋದ. ಕೂಗಿ ಹೇಳಬೇಕು ಅನ್ನಿಸ್ತು, ನಾನೂ ಮಾತಿಗೆ ತಪ್ಪದ ಓಟು ಹಾಕೀನಲೇ ಅಂತ. ಏನು ತೋರಿಸಿ ನಂಬಸ್ಲಿ? ಆ ವರ್ಜೀನಿಯಾದವರಂಗ ಎಲ್ಲಾರ ಮುಂದ ಒದರಿ ಹೇಳಿದ್ರ, ಕೇಳಿದ ಮಂದಿಯಾದ್ರೂ ಇರತಿದ್ರು.

ಮನ್ಯಾಗ ಅವ್ವ ಹೊಚ್ಚಲ ಮುಂದ ಕಲ್ಲಿನ ಮ್ಯಾಲೆ ಕುಂತು, ಮೊಣಕಾಲು ಚಾಚಿ, ಕೊಡ ತುಂಬಾಕತ್ತಿದ್ಳು. ಎಷ್ಟು ದಿನದ ಮ್ಯಾಲೆ ಆಕಿ ನಕ್ಕಿದ್ದು ನೋಡಿದೆ. ನನಗಂತ ತಂಬಿಗಿ ತುಂಬಿ ಕೈಗೆ ಕೊಟ್ಳು. ಅಪ್ಪ ಅಲ್ಲೇ ಗ್ವಾಡಿಗೆ ಒರಗಿ ಕುಂತಿದ್ದ.

"ಕುಡಿ ಯಪ್ಪಾ, ಛಲೋ ಅದಾವ ನೀರು," ಅಂದು ಅವ್ವ ದನಿ ಸಣ್ಣದು ಮಾಡಿದ್ಳು. "ದುರ್ಗಮ್ಮಗ ತಪ್ಪುಕಾಣಿಕಿ ಹಾಕಿ ಬಂದೀನಿ, ನಿನ್ನ ಹೆಸರ್ಲೆ. ಇನ್ನ ಅಂಜಬ್ಯಾಡ, ನಿನಗೇನೂ ಆಗಂಗಿಲ್ಲ."

ನಾನು ಅಪ್ಪನ ಕಡೆ ನೋಡಿದೆ. ಅವ ಕಣ್ಣು ಕೆಳಗ ಹಾಕಿದ. ತಂಬಿಗಿ ಎತ್ತಿ ನೀರು ಕುಡದೆ.