ಹತ್ತನೆಯ ದಿನದ ಗಂಟಲು

ಗೆಂಡೆಹಳ್ಳಿ ದಾರಿಯ ಕೋಳಿ ಫಾರಂನಲ್ಲಿ ಹಕ್ಕಿಜ್ವರ ಕಾಣಿಸಿಕೊಂಡು, ಇದ್ದಬದ್ದ ಕೋಳಿಗಳನ್ನೆಲ್ಲ ಕೊಂದು ಹೂತು ಒಂಬತ್ತು ದಿನವಾಗಿತ್ತು. ಆ ಕೆಲಸ ಮಾಡಿದ ನಾಲ್ವರು ಹೆಂಗಸರನ್ನು ಅಂದಿನಿಂದ ಫಾರಂನ ಫೀಡ್ ಗೋದಾಮಿನಲ್ಲೇ ಇರಿಸಿ, ದಿನಾ ಮಾತ್ರೆ ನುಂಗಿಸುತ್ತಿದ್ದರು. ಹತ್ತು ದಿನ ಯಾರಿಗೂ ಏನೂ ಆಗದಿದ್ದರೆ ಮನೆಗೆ. ಒಬ್ಬರಿಗೆ ಆದರೂ ಎಲ್ಲರೂ ಇನ್ನು ಹತ್ತು ದಿನ ಅಲ್ಲೇ.

ಹತ್ತನೆಯ ಬೆಳಗ್ಗೆ ಅವರಲ್ಲೊಬ್ಬಳಾದ ಮಾದಮ್ಮ ಉಗುಳು ನುಂಗಿದಳು. ಗಂಟಲಲ್ಲಿ ಮುಳ್ಳು ಮುರಿದಂತಾಯಿತು. ಇನ್ನೊಮ್ಮೆ ನುಂಗಿದಳು. ಅದೇ.

ಯಾಕೆಂದು ಅವಳೊಬ್ಬಳಿಗೇ ಗೊತ್ತಿತ್ತು. ಕೋಳಿ ಕೊಂದ ದಿನ ಮಧ್ಯಾಹ್ನ ಶೆಡ್ಡಿನಲ್ಲಿ, ಪ್ಲಾಸ್ಟಿಕ್ ಅಂಗಿಯೊಳಗೆ ಬೆವರು ಸುರಿಯುತ್ತ, ಬಾಯಿ ಒಣಗಿಹೋಗಿತ್ತು. ಒಳಗೆ ಏನೂ ತಿನ್ನಬಾರದು, ಮಾಸ್ಕ್ ಮುಟ್ಟಬಾರದು ಎಂದು ಡಾಕ್ಟರು ಬೆಳಗ್ಗೆಯಷ್ಟೇ ಹೇಳಿದ್ದರು. ಅವಳು ಗೋಡೆಗೆ ಮುಖ ಮಾಡಿ, ಅಂಗಿ ಸರಿಸಿ ಸೊಂಟದಿಂದ ಎಲೆಯಡಿಕೆ ತೆಗೆದು, ಮಾಸ್ಕ್ ಎತ್ತಿ, ಕೈಗವಸಿನ ಬೆರಳಲ್ಲೇ ಬಾಯಿಗಿಟ್ಟುಕೊಂಡಿದ್ದಳು. ನಲವತ್ತು ವರ್ಷದ ಚಟ.

"ಏನೇ ಮಾದಿ, ಮೊಮ್ಮಗನ್ನ ಎತ್ಕೊಳೋ ಖುಷಿಗೆ ಮಾತೇ ಹೊಂಟೋಯ್ತಾ?" ಚಾಪೆ ಸುತ್ತುತ್ತ ಅನುಸೂಯಮ್ಮ ಕೆಣಕಿದಳು. "ನನ್ ಎಮ್ಮೆ ಇವತ್ತೋ ನಾಳೆಯೋ ಈಯ್ತದೆ. ನಾನಿಲ್ದಿದ್ರೆ ಯಾರನ್ನೂ ಹತ್ರ ಬಿಟ್ಕೊಳಲ್ಲ, ಮುಂಡೇದು."

ಮಾದಮ್ಮ ನಕ್ಕಂತೆ ಮಾಡಿದಳು. ಮಗಳು ಮೇಘಶ್ರೀ ಬಾಣಂತಿ. ಮಗುವಿಗೆ ಇಪ್ಪತ್ತು ದಿನ. ನೀರು ಹಾಕಲು ಅಜ್ಜಿಯೇ ಬರಬೇಕೆಂದು ದಿನಾ ಫೋನು.

ಆರೋಗ್ಯ ಇಲಾಖೆಯ ಉಮೇಶ ಬಾಗಿಲಲ್ಲೇ ನಿಂತು ಒಬ್ಬೊಬ್ಬರ ಹಣೆಗೂ ಯಂತ್ರ ಹಿಡಿದ. ಯಾರಿಗೂ ಜ್ವರವಿಲ್ಲ.

"ಗಂಟಲು ನೋವು, ಕೆಮ್ಮು?"

ಮೂವರೂ ಇಲ್ಲವೆಂದರು. ಮಾದಮ್ಮನ ಸರದಿಗೆ ಅನುಸೂಯಮ್ಮನೇ ಬಾಯಿ ಹಾಕಿದಳು: "ಇವಳಿಗೇನಪ್ಪ, ಗುಂಡುಕಲ್ಲು ಇದ್ದಂಗೆ ಅವ್ಳೆ. ಬರ್ಕೊ."

ಉಮೇಶ ಬರೆದುಕೊಂಡ. ಮಾದಮ್ಮ ಚೀಲ ಎತ್ತಿಕೊಂಡಳು. ನೀರು ಹಾಕಲು ಚಾಚಿದ ಕಾಲಿನ ಮೇಲೆ ಮಗುವನ್ನು ಮಲಗಿಸಿ ಬಗ್ಗಿದರೆ, ಅದರ ಮೂಗಿಗೂ ತನ್ನ ಬಾಯಿಗೂ ಒಂದು ಗೇಣು. ಹೊಸಿಲಿನಲ್ಲಿ ಚೀಲ ಕೆಳಗಿಟ್ಟಳು.

"ಬರ್ದಿದ್ದನ್ನ ಹೊಡ್ದಾಕಪ್ಪ. ನಂಗೆ ಗಂಟಲು ನೋವೈತೆ."

"ಯಾವಾಗಿಂದ?"

"ಬೆಳಗಿಂದ. ಅವತ್ತು ಶೆಡ್ಡಲ್ಲಿ ಮಾಸ್ಕ್ ಎತ್ತಿ ಎಲೆ ಹಾಕ್ಕಂಡಿದ್ದೆ."

ಉಮೇಶ ಎರಡು ಹೆಜ್ಜೆ ಹಿಂದೆ ಸರಿದು ಬಾಗಿಲು ಎಳೆದುಕೊಂಡ. ಹೊರಗಿನಿಂದ ಚಿಲಕ ಬಿತ್ತು.

"ಇನ್ನೊಂದ್ ಗಳಿಗೆ ಬಾಯ್ ಮುಚ್ಕೊಂಡಿದ್ದಿದ್ರೆ..." ಎನ್ನುತ್ತ ಅನುಸೂಯಮ್ಮ ಸುತ್ತಿದ್ದ ಚಾಪೆ ಬಿಚ್ಚಿದಳು. ಮೂವರೂ ತಮ್ಮ ಚಾಪೆಗಳನ್ನು ಎದುರು ಗೋಡೆಗೆ ಎಳೆದುಕೊಂಡು ಹೋದರು. ನಡುವೆ ಬರಿಯ ನೆಲ ಉಳಿಯಿತು.

ಮಾದಮ್ಮನಿಗೆ ಕೆಮ್ಮು ಬಂತು. ಇನ್ನು ತಡೆಯುವ ಕಾರಣವೇ ಇರಲಿಲ್ಲ. ಆದರೂ ಸೆರಗು ಬಾಯಿಗೊತ್ತಿ ತಡೆದುಕೊಂಡಳು.